ಎಡಗೈ ಗಂಟು

ಬೆವರು ಕಣ್ಣಾಗ ಇಳೀಲಿಕ್ಕತ್ತದ, ಒರಿಸ್ಕೋಬೇಕಂದ್ರ ಕೈ ಖಾಲಿ ಇಲ್ಲ, ಒಂದು ಕೈಯಾಗ ಟಾರ್ಚು ಇನ್ನೊಂದ್ರಾಗ ಬೋಲ್ಟು ತಿರುವೋ ಪಾನಾ, ಬೆನ್ನು ಗಾಡಿಯ ಮ್ಯಾಟಿನ ಮ್ಯಾಲ, ಕಾಲು ಬಾಗಿಲದ ಹೊರಗ ಬಿಸಲಾಗ, ತಲಿ ಬ್ರೇಕಿನ ಪೆಡಲ್ ಬಾಜೂಕ, ಸ್ಟೇರಿಂಗಿನ ಕಂಬ ಮೂಗಿನ ಮ್ಯಾಲೇ ಬಂದದ, ಕಂಬಕ್ಕ ಹತ್ತಿ ಕುಂತ, ಸ್ಟೇರಿಂಗು ಹಗುರ ಮಾಡೋ ಮೋಟಾರು, ಮೋಟಾರಿನಿಂದ ಹೊಂಟ ವೈರು, ವೈರಿಗಿ ಸುತ್ತಿದ ಸೈಕಲ್ ಟ್ಯೂಬಿನ ಪಟ್ಟಿ, ಪಟ್ಟಿಗಿ ಹಾಕಿದ ಗಂಟು — ಎಡಕ್ಕ ತಿರುಗಿದ ಗಂಟು, ಬಾಲ ಎರಡು ಮಡಿ ಮಾಡಿ ಒಳಗ ತುರುಕಿದ್ದು. ಟಾರ್ಚು ಆರಿಸಿದೆ. ಯಾಕ ಆರಿಸಿದೆ ಗೊತ್ತಿಲ್ಲ, ಮತ್ತ ಹಚ್ಚಿದೆ, ಅಲ್ಲೇ ಅದ. ಹೊರಗ ಗೌಸೋದ್ದೀನ ಸಾಹೇಬ್ರು, ಗಾಡಿ ಮಾಲಕ, ಕಮಲನಗರದ ಬ್ಯಾಳಿ ವ್ಯಾಪಾರಿ, ಬಗ್ಗಿ ಕೇಳ್ಲಿಕ್ಕತ್ತಾರ, ಏನಾಯ್ತಪಾ ವೈಜಿನಾಥ, ಮೋಟಾರ್ ಸುಟ್ಟದೇನು. ನೋಡ್ಲಿಕ್ಕತ್ತೇನ್ರಿ ಸಾಹೇಬ್ರ. ನೋಡ್ಲಿಕ್ಕತ್ತೇನಿ, ಆದ್ರ ಮೋಟಾರಲ್ಲ. ಸೈಕಲ್ ಟ್ಯೂಬು ಸೀಳಿ ವೈರು ಕಟ್ಟೋ ಮೆಕ್ಯಾನಿಕ್ ಈಗ ಎಲ್ಲಿ ಸಿಗ್ತಾನ, ಎಲ್ಲಾರೂ ಕಪ್ಪು ಟೇಪು ಸುತ್ತಿ ಬಿಡ್ತಾರ, ನಾನೂ ಅದನ್ನೇ ಸುತ್ತತೇನಿ, ಟ್ಯೂಬು ಕಟ್ಟತಿದ್ದವ ಒಬ್ಬನೇ, ಅಣ್ಣ, ಗೋರಖನಾಥ, ಬೀದರದಾಗ ಲಾಲ ಅಹ್ಮದ ಉಸ್ತಾದರ ಗ್ಯಾರೇಜಿನ್ಯಾಗ ನಾವಿಬ್ರೂ ಕೆಲಸ ಕಲಿಯೋವಾಗ ಉಸ್ತಾದರು ಅವನ ಗಂಟು ಎತ್ತಿ ಹಿಡಿದು ಎಲ್ಲಾರಿಗೂ ತೋರಿಸ್ತಿದ್ದರು, ನೋಡ್ರಿ ಇದು ಎಡಗೈಯವನ ಗಂಟು, ಜಗ್ಗಿದ್ರ ಸಡಲಂಗಿಲ್ಲ, ಬಾಲ ಹಿಡಿದು ಎಳೆದ್ರ ಒಂದೇ ಎಳತಕ್ಕ ಬಿಚ್ಚತದ. ನಾ ಎಷ್ಟ್ ಸಲ ಹಾಕಿ ನೋಡಿದೆ, ನಂದು ಬಲಕ್ಕೇ ತಿರುಗ್ತಿತ್ತು, ಅಣ್ಣ ನಗತಿದ್ದ, ವೈಜ್ಯಾ ನೀ ಟೇಪೇ ಸುತ್ತು.

ಈ ಗಾಡಿ ಹೋದ ದೀಪಾವಳಿಗಿ ಶೋರೂಮಿನಿಂದ ಹೊರಗ ಬಂದದ್ದು, ಹಿಂದಿನ ಸೀಟಿನ ಪ್ಲಾಸ್ಟಿಕ್ ಸುದ್ದಾ ಇನ್ನಾ ತೆಗೆದಿಲ್ಲ, ಅಣ್ಣ ಸತ್ತದ್ದು ಅದಕ್ಕೂ ಎರಡು ವರ್ಷ ಮೊದಲ, ಸತ್ತವ ಇನ್ನಾ ತಯಾರೇ ಆಗದ ಗಾಡಿಗಿ ಹ್ಯಾಂಗ ಗಂಟು ಹಾಕ್ತಾನ. ಆ ವರ್ಷ ನಮ್ಮೂರು ಔರಾದದಾಗ ಬೋರ್ ಬತ್ತಿ, ಬಸ್ ಸ್ಟ್ಯಾಂಡಿನ್ಯಾಗ ದಿನಾ ಗಂಟುಮೂಟಿ ಹೊತ್ತ ಜನ, ಪುಣೆ ಬಸ್ಸು, ಹೈದರಾಬಾದ ಬಸ್ಸು, ಅಣ್ಣ ಹೆಂಡತಿನ್ನ, ನನ್ನ ವೈನಿನ್ನ, ಊರಾಗ ಬಿಟ್ಟು ಪುಣೆ ಬಸ್ ಹತ್ತಿದ, ಕಿಡಕಿಯಾಗಿಂದ ಬಾಜೂಕ ನಿಂತ ವೈನಿಗಿ ಅಲ್ಲ ನನಗ ಹೇಳಿದ, ಅವ್ವನ್ನ ನೋಡ್ಕೋ, ಆಮ್ಯಾಲ ಗಾಡಿಗಿ ಬಣ್ಣ ಹೊಡಿಯೋ ಶೆಡ್ಡಿಗಿ ಬೆಂಕಿ ಹತ್ತಿತು ಅಂತ ಫೋನು, ಆಮ್ಯಾಲ ಬಿಳಿ ಬಟ್ಟ್ಯಾಗ ಸುತ್ತಿದ ಹೆಣ, ಮುಖ ತೆಗೀಬ್ಯಾಡ್ರಿ ನೋಡಿದ್ರ ಊಟ ಸೇರಂಗಿಲ್ಲ ಅಂತ ತಂದವ್ರು ಅಂದ್ರು, ಅವ್ವ ಬಟ್ಟಿ ಮ್ಯಾಲೇ ಕೈ ಆಡಿಸಿ ಆಡಿಸಿ ಅತ್ತಳು, ನಾ ಹೆಗಲು ಕೊಟ್ಟೆ, ಹಗುರಿತ್ತು, ಸುಟ್ಟ ಮನುಷ್ಯಾ ಹಗುರ ಆಗ್ತಾನ ಅಂದ್ಕೊಂಡೆ, ನಾ ಯಾರಿಗಿ ಹೆಗಲು ಕೊಟ್ಟೆ. ವರ್ಷ ತುಂಬಿದ ಮ್ಯಾಲ ಅವ್ವನೇ ಮಾತು ತೆಗೆದಳು, ಹರೇದ ಹೆಣ್ಣಮಗಳು, ತವರಾಗ ಯಾರಿಲ್ಲ, ಮನಿ ಸೊಸಿ ಮನ್ಯಾಗೇ ಇರ್ಲಿ, ನೀ ಅಕಿನ್ನ ಉಡಿಕಿ ಮದಿವಿ ಆಗು, ನಾ ವೈನಿ ಅಂತಿದ್ದ ಬಾಯಿಲೆ ಶೇವಂತಾ ಅನ್ಬೇಕಾಯ್ತು, ಔರಾದದ ಬುದ್ಧ ವಿಹಾರದಾಗ ಮದಿವಿಗಿ ಬಿಳಿ ಸೀರಿ ಉಟ್ಟು ಅಕಿ ಮೇಣಬತ್ತಿ ಹಚ್ಚೋವಾಗ ಕಡ್ಡಿ ಮೂರು ಸಲ ಆರಿತ್ತು, ಆಮ್ಯಾಲ ಭಾಲ್ಕಿಗಿ ಬಂದ್ವಿ, ಗ್ಯಾರೇಜು, ಕೂಸು, ಕೂಸು ಈಗ ಗೋಡಿ ಹಿಡಿದು ನಡೀತದ, ನನ್ನ ನೋಡಿದ್ರ ಎರಡೂ ಕೈ ಎತ್ತತದ. ಯಾರಾರ ಅಣ್ಣನ ಹತ್ರ ಕಲಿತವ್ರು ಇರಬೇಕು. ಹೌದು, ಹಂಗೇ ಇರಬೇಕು, ಶೆಡ್ಡಿನ್ಯಾಗ ಅಣ್ಣ ಯಾರಿಗೋ ಕಲಿಸಿರಬೇಕು, ಅವನೂ ಎಡಚ ಇರಬೇಕು.

ಸಾಹೇಬ್ರ, ಮೊದಲ ಈ ಗಾಡಿ ಯಾರ್ ಬಿಚ್ಯಾರ್ರಿ. ದನಿ ನಂದೇ, ಎಲ್ಲಿಂದೋ ಬಂದಂಗದ. ಸಾಹೇಬ್ರು ಬಾಗಿಲಕ್ಕ ಆತು ನಿಂತು ಹೇಳ್ಲಿಕ್ಕತ್ತಾರ, ಇಲಿ ವೈರ್ ಕಡಿದಿತ್ತಪಾ, ಲಾತೂರದಾಗ ಗಾಡಿ ನಿಂತು ಬಿಡ್ತು, ಹೊರಗಿನ ರಸ್ತಾದಾಗ ಒಬ್ಬ ಇದ್ದಾನ, ಮುಖಕ್ಕ ದಸ್ತಿ ಕಟ್ಟಿಕೊಂಡೇ ಕೆಲಸ ಮಾಡ್ತಾನ, ಮಾತು ಕಡಿಮಿ, ಗಂಟಲು ಒಡೆದ ದನಿ, ಮರಾಠಿಯವ ಅಂದ್ಕೊಂಡೆ, ನಾ ಮನಿಗಿ ಫೋನಿನ್ಯಾಗ ಭಾಲ್ಕಿಗಿ ಹೋಗಿ ಬರ್ತೇನಿ ಅಂದದ್ದು ಕೇಳಿದ ನೋಡು, ಪಾನಾ ಕೆಳಗಿಟ್ಟ, ಚಾ ತರಿಸಿದ, ನಮ್ಮ ಮಾತಿನ್ಯಾಗೇ ಕೇಳಿದ, ಭಾಲ್ಕ್ಯಾಗ ಈಗ ನಳಕ್ಕ ನೀರು ಬರ್ತಾವೇನ್ರಿ ಅಂತ. ಎಡಗೈಯವನೇನ್ರಿ, ಅಂದೆ. ಹೌದಲ್ಲ, ನಿಂಗ್ಹ್ಯಾಂಗ ಗೊತ್ತು. ನಂಗ ಹ್ಯಾಂಗ ಗೊತ್ತು, ಲಾತೂರ ಇಲ್ಲಿಂದ ಊಟ ಮಾಡಿ ಹೊಂಟ್ರ ಚಾ ಹೊತ್ತಿಗಿ ಮುಟ್ಟೋ ಊರು, ಬರ ಬಿದ್ದು ಅಲ್ಲಿ ಜನ ರೈಲಿನ್ಯಾಗ ಬಂದ ನೀರು ಕುಡೀಲಿಕ್ಕತ್ತಾರ, ಅವ ಅಲ್ಲಿ ಕುಂತು ನಮ್ಮ ನಳದ ನೀರು ಕೇಳ್ಲಿಕ್ಕತ್ತಾನ, ಮನಿಗಿ ಯಾಕ ಬರಲಿಲ್ಲ, ಅವ್ವಗ ಒಂದ್ ಮಾತು ಯಾಕ ಹೇಳಲಿಲ್ಲ, ಬಂದ್ರ — ಬಂದ್ರ ಏನಾಗ್ತಿತ್ತು, ಯಾವ ಕೋಣ್ಯಾಗ ಮಲಗತಿದ್ದ, ನಾ ಯಾವ ಕೋಣ್ಯಾಗ, ಕೂಸು ಅವನ್ನ ಏನಂತ ಕರೀತಿತ್ತು. ಏ ವೈಜಿನಾಥ, ಇಲ್ಲಿ ಬ್ಯಾಟರಿ ವೈರು ಬಿಚ್ಚಿ ಬಿದ್ದದ, ಹಚ್ಚಲೇನು, ಫ್ಯಾನಾರ ತಿರುಗಲಿ, ಒಳಗ ಬೆಂದು ಹೋಗ್ತಿ. ಸಾಹೇಬ್ರ ಕೈ ಬಾನೆಟ್ ಒಳಗ ಹೋಗಿರಬೇಕು, ಮುಟ್ಟಬ್ಯಾಡ್ರಿ, ಕೈ ತೆಗೀರಿ ಮೊದಲ, ಅಂತ ಒದರಿದೆ. ಸಾಹೇಬ್ರಿಗಿ ಹಂಗೆಂದೂ ಮಾತಾಡಿದವನಲ್ಲ ನಾ. ತಪ್ಪು ತಿಳೀಬ್ಯಾಡ್ರಿ, ಸ್ಟೇರಿಂಗಿನ್ಯಾಗ ಗಾಳಿ ಚೀಲ ಅದ, ಇಲ್ಲಿ ವೈರು ಬಿಚ್ಚಿಟ್ಟಾಗ ಕರೆಂಟ್ ಬಂದ್ರ ಮುಖದ ಮ್ಯಾಲೇ ಸಿಡೀತದ, ಅದಕ್ಕೇ ಬ್ಯಾಟರಿ ತೆಗೆದು ಇಷ್ಟೊತ್ತು ಸುಮ್ಮ ಕುಂತಿದ್ದೆ. ಹೌದೇನಪಾ, ಗೊತ್ತಿರಲಿಲ್ಲ ನಂಗ, ಅಂತ ದೂರ ಸರದ್ರು.

ಎಲ್ಲಾ ಸರಿ ಮಾಡೇ ಒಳಗ ಮಲಗಿದ್ದೆ, ಗಾಲಿ ನೆಟ್ಟಗ, ಚಾವಿ ಕಿಸೆದಾಗ, ಸ್ಟೇರಿಂಗು ತಿರುಗಬಾರದಂತ ಸೀಟಿಗಿ ಹಗ್ಗ ಕಟ್ಟಿ, ಬ್ಯಾಟರಿಯ ಕರಿ ವೈರು ತೆಗೆದು, ಒಳಗುಳಿದ ಕರೆಂಟು ಇಳೀಲಿ ಅಂತ ತಡೆದು, ಇನ್ನುಳಿದದ್ದು ಇಷ್ಟೇ, ಈ ವೈರಿನ ಕೊಂಡಿ ಬಿಚ್ಚೋದು, ಬೋಲ್ಟು ತೆಗೆಯೋದು, ಮೋಟಾರು ನೆಟ್ಟಗ ಹೊರಗ ಎಳೆಯೋದು, ಆದ್ರ ಕೊಂಡಿ ಬಿಚ್ಚಬೇಕಂದ್ರ ಗಂಟು ಬಿಚ್ಚಬೇಕು. ಬಾಲ ಹಿಡಿದು ಒಂದು ಎಳತ. ಹಿಡಿದೆ. ಬಟ್ಟು ಅಲ್ಲೇ ನಿಂತದ. ರಬ್ಬರು ಬಿಸಿ ಅದ, ಮೆತ್ತಗದ, ಈ ಮಡಿ ಮಾಡಿದ್ದು ಅಣ್ಣನ ಬಟ್ಟು, ಎಳೆದ್ರ ಇದು ಬರೇ ಟ್ಯೂಬಿನ ಚೂರು, ಎಳೀಲಿಲ್ಲ ಅಂದ್ರ ಸಾಹೇಬ್ರು ಹೊರಗ ನಿಂತೇ ಇರ್ತಾರ, ಕಿಸೆಯಾಗಿನ ಬ್ಲೇಡು ತೆಗೆದೆ, ಗಂಟು ಮುಟ್ಟದಂಗ ಆ ಕಡಿಂದ ಪಟ್ಟಿ ಕೊಯ್ದೆ, ಗಂಟು ಗಂಟಾಗೇ ಎದಿ ಮ್ಯಾಲ ಬಿತ್ತು, ಅಂಗಿ ಕಿಸೆದಾಗ ಇಟ್ಟೆ. ಕೊಂಡಿ ಬಂತು. ಮೊದಲಿನ ಬೋಲ್ಟು ಬಂತು, ಕಡೀ ಬೋಲ್ಟಿಗಿ ಮೊದಲ ಮೋಟಾರಿನ ಕೆಳಗ ಅಂಗೈ ಕೊಡಬೇಕು, ಬಿಟ್ರ ಬೀಳ್ತದ, ಕೆಳಗ ನನ್ನ ಮುಖ ಅದ, ಓರೆ ಎಳೆದ್ರ ಮೋಟಾರು ಕಂಬ ಕೂಡಿಸೋ ರಬ್ಬರ್ ಬಿಲ್ಲಿ ಹರೀತದ, ನೆಟ್ಟಗ, ಸಾವಕಾಶ, ಅಣ್ಣ ಹಿಂಗೇ ಹೇಳ್ತಿದ್ದ, ಯಾವ ಗಾಡಿ ಇರ್ಲಿ, ಹೊರಗ ಬರೋದು ತಾನಾಗಿ ಬರ್ತದ, ನೀ ಕೈ ಕೊಟ್ಟು ಕಾಯಿ. ಬಂತು. ಸುಟ್ಟ ವಾಸನಿ. ಮೋಟಾರು ಎದಿ ಮ್ಯಾಲ ಇಟ್ಕೊಂಡು ಅಲ್ಲೇ ಮಲಗಿದ್ದೆ, ಎಷ್ಟೊತ್ತೋ, ಅದು ಭಾರಿತ್ತು, ನಾ ಹೊತ್ತ ಹೆಣಕ್ಕಿಂತ ಭಾರ ಅನಿಸ್ತು, ಆ ಹೆಣದ ತಾಯಿ ಯಾವ ಊರಾಗ ಬಾಗಿಲ ಕಾಯಲಿಕ್ಕತ್ತಾಳ.

ಹೊಸ ಮೋಟಾರು ಬೀದರದಿಂದ ನಾಳಿ ತರತೇನ್ರಿ ಅಂದೆ, ಸಾಹೇಬ್ರು ಬಸ್ಸಿಗಿ ಹೋದ್ರು. ಶೇವಂತಾ ಬುತ್ತಿ ತಂದಾಳ, ಬಾಗಿಲದಾಗಿಂದೇ ಹೇಳ್ಕೋತ ಬಂದಳು, ಟ್ಯಾಂಕರ್ ಇನ್ನಾ ಬಂದಿಲ್ಲ, ಅತ್ತಿ ಕೊಡ ಪಾಳಿಗಿ ಇಟ್ಟು ಕುಂತಾರ, ಕೂಸು ಮಲಗ್ಯದ, ರೊಟ್ಟಿ ಬಿಸಿ ಅವ ಲಗೂ ಉಣ್ರಿ. ಕೈ ತೊಳೀಲಿಲ್ಲ. ಹೇಳಬಾರದು, ಮೊದಲ ನಾ ಒಬ್ಬನೇ ಲಾತೂರಕ್ಕ ಹೋಗಿ ನೋಡಿ ಬರಬೇಕು, ದಾರಿ ಉದ್ದಕ್ಕೂ ವಿಚಾರ ಮಾಡಬೇಕು, ಹೇಳಿದ್ರ ಅಕಿ ಇಲ್ಲೇ ಬೀಳ್ತಾಳ, ಎಣ್ಣಿ ನೆಲದ ಮ್ಯಾಲ, ಹೇಳಬಾರದು ಅಂದ್ಕೋತೇ ಕಿಸೆದಾಗಿಂದ ತೆಗೆದು ಅಕಿ ಅಂಗೈಯಾಗ ಇಟ್ಟೆ. ನೋಡಿದಳು. ಅಕಿ ಟ್ರಂಕಿಗಿ, ಹಾಸಿಗಿ ಸುರುಳಿಗಿ, ಬಾವಿ ಹಗ್ಗಕ್ಕ ಅಣ್ಣ ಹಾಕತಿದ್ದದ್ದು ಇದೇ ಗಂಟು, ಗುರುತು ಹತ್ತದೇ ಇರ್ತದೇನು. ಎಲ್ಲಿಂದ್ರಿ ಈ ಗಾಡಿ, ಅಂದಳು. ಲಾತೂರಿಂದ. ಬೀಳ್ತಾಳ ಈಗ, ಅಳ್ತಾಳ, ನಾ ಹಿಡೀಲಿಕ್ಕ ಒಂದು ಹೆಜ್ಜಿ ಮುಂದ ಬಂದೆ. ಅಕಿ ಗಂಟಿನ ಮ್ಯಾಲ ಹೆಬ್ಬಟ್ಟು ಆಡಿಸಿದಳು. ಹಂಗಾರ ಕೈ ನೆಟ್ಟಗಾಗ್ಯಾವ, ಅಂದಳು.

ಯಾರ ಕೈ. ಅವರ ಕೈ, ಸುಟ್ಟಿದ್ದವಲ್ಲ, ಪಾನಾ ಹಿಡೀಲಿಕ್ಕ ಬರಂಗಿಲ್ಲ ಅಂದಿದ್ರು. ಯಾವಾಗ ಅಂದಿದ್ದ. ಶೇವಂತಾ ನೆಲ ನೋಡ್ಕೋತ ಹೇಳ್ಲಿಕ್ಕತ್ತಾಳ, ಅಳು ಇಲ್ಲ, ದನಿ ನಡುಗವಲ್ದು, ಕೂಸು ಹೊಟ್ಟ್ಯಾಗಿತ್ತು, ನೀವು ಇಲ್ಲಿದ್ರಿ, ಅತ್ತಿ ವಿಹಾರಕ್ಕ ಹೋಗಿದ್ರು, ಫೋನು ಬಂತು, ಮೊದಲ ದನಿ ಗುರುತು ಹತ್ತಲಿಲ್ಲ, ಹೊಗಿ ಕುಡಿದು ಗಂಟಲು ಹೋಗಿತ್ತಂತ, ವರ್ಷದ ಮ್ಯಾಲ ಆಸ್ಪತ್ರ್ಯಾಗ ಬಿದ್ದಿದ್ರಂತ, ತನ್ನ ಹೆಸರು ತಾನು ಹೇಳೋ ಹಂಗಿದ್ದಿಲ್ಲಂತ, ಬಾಜೂಕ ಮಲಗಿದ್ದವ ಸತ್ತಾಗ ಅವನ ಹೆಣ ಇವರದಂತ ತಿಳಿದು ನಮಗ ಕೊಟ್ಟು ಬಿಟ್ಟಾರ. ನಾನೂ ಎಲ್ಲಾ ಹೇಳಿದೆ, ನಿಮ್ಮ ಕೂಡ ಉಡಿಕಿ ಆದದ್ದು, ಭಾಲ್ಕಿಗಿ ಬಂದದ್ದು, ಹೊಟ್ಟೀದು. ಆಮ್ಯಾಲ ಅವರು ನನ್ನೇ ಕೇಳಿದ್ರು, ನಾ ಊರಿಗಿ ಬರ್ಲೇನು ಅಂತ. ನಾ ಕೇಳಬಾರದು, ಇನ್ನ ಕೇಳಬಾರದು, ಟ್ಯಾಂಕರಿನ ಹಾರ್ನ್ ಎಲ್ಲೋ ಓಣ್ಯಾಗ ಹೊಡಕೋಲಿಕ್ಕತ್ತದ, ಅವ್ವ ಕೊಡ ಎತ್ತಿ ಓಡ್ತಿರಬೇಕು, ಅವ್ವಗ ಗೊತ್ತಿಲ್ಲ, ಅವ್ವಗ ಏನೂ ಗೊತ್ತಿಲ್ಲ, ನೀ ಏನಂದಿ ವೈನಿ, ಬಾಯಾಗ ಅದೇ ಬಂತು, ವೈನಿ. ಬ್ಯಾಡಂದೆ. ಅಷ್ಟೇ ಅಂದಳು, ಬ್ಯಾಡಂದೆ, ರೊಟ್ಟಿ ಆರ್ಲಿಕ್ಕತ್ತಾವ, ಅಕಿ ಅಂಗೈ ಮುಚ್ಚವಲ್ಲಳು, ನಂಗ ಕೊಡವಲ್ಲಳು, ಕರೀ ಟ್ಯೂಬಿನ ಚೂರು, ಎಡಕ್ಕ ತಿರುಗಿದ್ದು, ಬಾಲ ಎರಡು ಮಡಿ ಒಳಗ, ಬಾಲದ ಮ್ಯಾಲ ಅಕಿ ಹೆಬ್ಬಟ್ಟು, ಎಳೀವಲ್ಲಳು, ಬಿಡವಲ್ಲಳು, ಬಾಲದ ಮ್ಯಾಲ ಹೆಬ್ಬಟ್ಟು, ಎಳೀವಲ್ಲಳು —