ಎರಡು ಹೆಬ್ಬೆಟ್ಟು

ಐವತ್ತೊಂಬತ್ತರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಹಾಸನದ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಬೀಜ ಆರಿಸುತ್ತಿದ್ದ ಹೊನ್ನಕ್ಕ, ಪಕ್ಕದಲ್ಲಿ ಕೂತಿದ್ದ ಸುಬ್ಬಮ್ಮನ ಸೀರೆ ರಕ್ತದಲ್ಲಿ ನೆನೆಯುತ್ತಿರುವುದನ್ನು ಕಂಡಳು. ಇಬ್ಬರೂ ಮೊಸಳೆ ಎಂಬ ಹಳ್ಳಿಯ ಒಂದೇ ಕೇರಿಯವರು. ಸುಬ್ಬಮ್ಮನಿಗೆ ಆಗ ಐದು ತಿಂಗಳು.

ಚೀಟಿ ಇಲ್ಲದೆ ಯಾರೂ ಗೇಟು ದಾಟುವಂತಿಲ್ಲ ಎಂದು ಮೇಸ್ತ್ರಿ ರಂಗಸ್ವಾಮಿ ಅಡ್ಡ ನಿಂತ. ಚೀಟಿ ಬರೆಯಬೇಕಾದ ಮ್ಯಾನೇಜರು ಊಟಕ್ಕೆ ಹೋಗಿದ್ದರು. ಹೊನ್ನಕ್ಕ ಕಾಯಲಿಲ್ಲ. ಸುಬ್ಬಮ್ಮನನ್ನು ಬೆನ್ನಿಗೆ ಹಾಕಿಕೊಂಡು, ಗೇಟಿನವನನ್ನು ದಬ್ಬಿ, ಬಿಸಿಲಲ್ಲಿ ಆಸ್ಪತ್ರೆಯವರೆಗೆ ಓಡಿದಳು. ಮಗು ಉಳಿಯಲಿಲ್ಲ. ಸುಬ್ಬಮ್ಮ ಉಳಿದಳು.

ಮರುದಿನ ಹಾಜರಿ ಕೂಗುವಾಗ ಹೊನ್ನಕ್ಕನ ಹೆಸರು ಬರಲಿಲ್ಲ. ಕೈಗೊಂದು ಕಾಗದ ಕೊಟ್ಟರು. ಅಪ್ಪಣೆ ಇಲ್ಲದೆ ಕೆಲಸ ಬಿಟ್ಟಿದ್ದಾಳೆ, ಕಾವಲುಗಾರನ ಮೇಲೆ ಕೈ ಮಾಡಿದ್ದಾಳೆ, ಆದ್ದರಿಂದ ವಜಾ. ಏನಾಯಿತು ಎಂದು ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಗಂಡ ಬೋರಪ್ಪ ಸತ್ತು ಎರಡು ವರ್ಷವಾಗಿತ್ತು. ಮನೆಯಲ್ಲಿ ಎರಡು ಹೆಣ್ಣುಮಕ್ಕಳು.

ಆ ಕಾಗದವನ್ನು ಓದಿ ಹೇಳಿದವನು ಹೊಳೆನರಸೀಪುರದ ಬಸ್ ಕಂಡಕ್ಟರ್ ಪುಟ್ಟಸ್ವಾಮಿ. ಮೋಟಾರು ಕೆಲಸಗಾರರ ಸಂಘದ ಕಾರ್ಯದರ್ಶಿಯಾಗಿ ಕೋರ್ಟು ಕಚೇರಿ ಅಲೆದವನು.

"ನಿನ್ನೊಬ್ಬಳ ಜಗಳ ಅಂದ್ರೆ ಸರ್ಕಾರ ಕಿವಿಗೇ ಹಾಕ್ಕಳಲ್ಲ ಕಣಕ್ಕ. ಜೊತೇಲಿ ಕೆಲ್ಸ ಮಾಡೋರು ಸೇರ್ಕಂಡು 'ಇದು ನಮ್ಮೆಲ್ಲರ ಜಗಳ' ಅನ್ಬೇಕು. ಆಗ್ಲೇ ಕೋರ್ಟಿಗೆ ಕಳ್ಸೋದು."

"ಅವ್ರು ಯಾಕಪ್ಪ ಅಂತಾರೆ? ಅವ್ರ ಮನೇಲೂ ಒಲೆ ಉರೀಬೇಕಲ್ಲ."

ಆದರೂ ಹೊನ್ನಕ್ಕ ಬಾಗಿಲು ಬಾಗಿಲು ಅಲೆದಳು. ಕೆಲವರು ಒಳಗಿದ್ದೂ ಇಲ್ಲ ಅನ್ನಿಸಿದರು. ಒಂದು ತಿಂಗಳಲ್ಲಿ ಹತ್ತೊಂಬತ್ತು ಹೆಂಗಸರು ಅರ್ಜಿಗೆ ಹೆಬ್ಬೆಟ್ಟು ಒತ್ತಿದರು. ಮೊದಲನೆಯದು ಸುಬ್ಬಮ್ಮನದು. ಸರ್ಕಾರ ತಗಾದೆಯನ್ನು ಬೆಂಗಳೂರಿನ ಕಾರ್ಮಿಕ ನ್ಯಾಯಾಲಯಕ್ಕೆ ಕಳಿಸಿತು.

ಸುದ್ದಿ ಬಂದ ವಾರವೇ ಮ್ಯಾನೇಜರು ಆ ಹತ್ತೊಂಬತ್ತು ಜನರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆಸಿದರು. ಹೊರಗೆ ಬಂದ ಪ್ರತಿಯೊಬ್ಬಳ ಹೆಬ್ಬೆರಳೂ ನೀಲಿಯಾಗಿತ್ತು. ಹೊನ್ನಕ್ಕ ಮೋಸದಿಂದ ಹೆಬ್ಬೆಟ್ಟು ಹಾಕಿಸಿಕೊಂಡಳು, ಅವಳ ತಗಾದೆಗೂ ನಮಗೂ ಸಂಬಂಧವಿಲ್ಲ ಎಂದು ಎರಡನೆಯ ಕಾಗದದಲ್ಲಿ ಬರೆದಿತ್ತು.

"ಒಬ್ರಾದ್ರೂ ಬಂದು ನಿಜ ಹೇಳ್ದಿದ್ರೆ ಕೇಸು ಬಿದ್ದೋಯ್ತದೆ," ಎಂದ ಪುಟ್ಟಸ್ವಾಮಿ.

ಹದಿನೆಂಟು ಮನೆಗಳಲ್ಲಿ ಆಗುವುದಿಲ್ಲ ಎಂದರು. ಆದರೆ ಸುಬ್ಬಮ್ಮ ವಿಚಾರಣೆಯ ಹಿಂದಿನ ದಿನ ಬುತ್ತಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು.

ಚನ್ನರಾಯಪಟ್ಟಣದಲ್ಲಿ ಬಸ್ಸು ಕಾಫಿಗೆ ನಿಂತಾಗ ಅವಳು ಇಳಿದು ಹೋದವಳು ಹತ್ತಲಿಲ್ಲ. ಹೊನ್ನಕ್ಕ ಹುಡುಕುತ್ತಾ ಹೋದರೆ, ಹುಣಿಸೆ ಮರದಡಿ ಮಂಡಿಗೆ ತಲೆ ಕೊಟ್ಟು ಕೂತಿದ್ದಳು.

"ನನ್ ಕೈಲಾಗಕಿಲ್ಲ ಕಣಕ್ಕ. ನಮ್ಮ ಯಜಮಾನ್ರೂ ಅಲ್ಲೇ ಮೂಟೆ ಹೊರ್ತಾವ್ರೆ. ಇಬ್ರುದೂ ಓಯ್ತದೆ. ನೀನೇ ಯೋಳು, ನಾವೆಲ್ಲಿಗೋಗನ?"

"ಅವತ್ತು ನಿನ್ನ ಬೆನ್ನ ಮ್ಯಾಲೆ ಹೊತ್ಕಂಡು ಓಡ್ದಾಗ ನಾನು ಕೇಳಿದ್ನೇನೆ, ಎಲ್ಲಿಗೋಗನ ಅಂತ?"

ಹೇಳಿದ ಮೇಲೆ ಹೊನ್ನಕ್ಕನಿಗೆ ತನ್ನ ನಾಲಗೆಯ ಮೇಲೇ ಹೇಸಿಗೆಯಾಯಿತು. ಮಾಡಿದ್ದನ್ನು ಎತ್ತಿ ಆಡಬಾರದಿತ್ತು. ಸುಬ್ಬಮ್ಮ ಬಿಕ್ಕತೊಡಗಿದಳು. ಡ್ರೈವರು ಹಾರನ್ ಒತ್ತುತ್ತಲೇ ಇದ್ದ. ಹೊನ್ನಕ್ಕ ಅವಳ ಕಾಲ ಬಳಿ ಕುಸಿದು ಕೂತು, "ನನ್ ಮಕ್ಳು ಎಲ್ಡು ದಿನದಿಂದ ಅಂಬಲಿ ಬಿಟ್ಟು ಬೇರೆ ಕಂಡಿಲ್ಲ ಕಣವ್ವ. ನಂಗೆ ಬೇರೆ ದಾರಿ ಗೊತ್ತಿಲ್ಲ," ಎಂದಳು. ಸ್ವಲ್ಪ ಹೊತ್ತಾದ ಮೇಲೆ ಸುಬ್ಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಹೊನ್ನಕ್ಕನನ್ನು ನೋಡದೆಯೇ ಎದ್ದು ಬಸ್ಸು ಹತ್ತಿದಳು.

ಕೋರ್ಟಿನಲ್ಲಿ ಕಂಪನಿಯ ವಕೀಲರು ಎರಡು ಕಾಗದಗಳನ್ನೂ ಅವಳ ಮುಂದೆ ಹಿಡಿದರು.

"ಎರಡೂ ನಿನ್ನ ಹೆಬ್ಬೆಟ್ಟೇ ಏನಮ್ಮ?"

"ಊ ಸಾ."

"ಹಾಗಾದರೆ ಒಂದು ಸುಳ್ಳು. ಯಾವುದು?"

ಸುಬ್ಬಮ್ಮ ಮೊದಲ ಕಾಗದದ ಮೇಲೆ ಬೆರಳಿಟ್ಟಳು. "ಮೊದಲ್ನೇದು ನಾನು ಒತ್ತಿದ್ದು ಸಾ. ಎಲ್ಡನೇದು, ಮೇಸ್ತ್ರಿ ನನ್ ಕೈ ಇಡ್ಕಂಡು ಒತ್ತಿಸಿದ್ದು. ಆವಮ್ಮ ಓಡ್ದೆ ಇದ್ದಿದ್ರೆ ನಾನಿವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ."

ನ್ಯಾಯಾಧೀಶರು ತಲೆಯೆತ್ತದೆ ಬರೆದುಕೊಂಡರು.

ತೀರ್ಪು ಹತ್ತು ತಿಂಗಳ ಮೇಲೆ ಬಂತು. ಅದರಲ್ಲಿ ಹೀಗೆ ಬರೆದಿತ್ತು. ಸರ್ಕಾರ ತಗಾದೆಯನ್ನು ಕಳಿಸಿದ ದಿನ ಕೆಲಸಗಾರರು ಅವಳ ಹಿಂದೆ ಇದ್ದರು. ಆಮೇಲೆ ಅವರನ್ನು ಹಿಂದೆ ಸರಿಸಿದ ಮಾತ್ರಕ್ಕೆ ತಗಾದೆ ಇಲ್ಲವಾಗುವುದಿಲ್ಲ. ವಿಚಾರಣೆಯನ್ನೇ ಮಾಡದೆ ವಜಾ ಮಾಡಿದ್ದು ಅನ್ಯಾಯ. ಕೆಲಸಕ್ಕೆ ಮತ್ತೆ ಸೇರಿಸಿಕೊಳ್ಳಬೇಕು. ಪುಟ್ಟಸ್ವಾಮಿ ಅದನ್ನು ಓದಿ ಹೇಳಿದಾಗ ಹೊನ್ನಕ್ಕ ಗೋಡೆಗೆ ಒರಗಿ ಜೋರಾಗಿ ಅತ್ತಳು.

ಕಂಪನಿ ಹೈಕೋರ್ಟಿಗೆ ಹೋಗಿ ತಡೆ ತಂದಿತು.

ಸುಬ್ಬಮ್ಮನನ್ನು ಯಾರೂ ವಜಾ ಮಾಡಲಿಲ್ಲ. ಬೀಜ ಆರಿಸುವ ಕೆಲಸ ಸುಗ್ಗಿಯಲ್ಲಿ ಎಲ್ಲರಿಗೂ, ಮಳೆಗಾಲದಲ್ಲಿ ಕೆಲವರಿಗಷ್ಟೇ ಇರುವುದು. ಅವಳು ಸಾಕ್ಷಿ ಹೇಳಿದ ಮೇಲಿನ ಡಿಸೆಂಬರಿನಲ್ಲಿ ಸುಗ್ಗಿ ಕೆಲಸ ಶುರುವಾದಾಗ ಎಲ್ಲರನ್ನೂ ಕರೆದರು, ಅವಳನ್ನು ಕರೆಯಲಿಲ್ಲ. ಅವಳ ಗಂಡ ತಮ್ಮಯ್ಯನಿಗೂ ಮೂಟೆ ಹೊರುವವರು ಸಾಕಷ್ಟಿದ್ದಾರೆ ಎಂದರು. ವಜಾ ಮಾಡಿದ ಕಾಗದವೇ ಇಲ್ಲದಿರುವಾಗ ಯಾವ ಕೋರ್ಟಿಗೆ ಹೋಗುವುದು ಎಂದು ಪುಟ್ಟಸ್ವಾಮಿ ತಲೆ ಕೆರೆದುಕೊಂಡ. ಗಂಡ ಹೆಂಡತಿ ಪಾತ್ರೆ ಪಡಗ ಕಟ್ಟಿಕೊಂಡು ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಕೂಲಿಗೆ ಹೋದರು. ಹೊನ್ನಕ್ಕ ಸಿಕ್ಕಿದ ಹೊಲಗಳಲ್ಲಿ ಕಳೆ ಕಿತ್ತು, ಕಲ್ಲು ಹೊತ್ತು ಮಕ್ಕಳನ್ನು ಸಾಕಿದಳು. ದೊಡ್ಡವಳು ಮಲ್ಲಿಗಮ್ಮ ಶಾಲೆ ಬಿಟ್ಟು ತಾಯಿಯ ಜೊತೆ ಕಲ್ಲು ಹೊರತೊಡಗಿದಳು.

ಅರವತ್ತಮೂರರ ಆಗಸ್ಟಿನಲ್ಲಿ ಹೈಕೋರ್ಟು ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಹೊನ್ನಕ್ಕ ಮಾರನೆಯ ದಿನವೇ ಅರಕಲಗೂಡಿಗೆ ಬಸ್ಸು ಹತ್ತಿದಳು.

ಸೊಪ್ಪು ಒಣಗಿಸುವ ಮನೆಯ ಮುಂದೆ ಸುಬ್ಬಮ್ಮ ಹಸಿ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದಳು. ಅಂಟಿನಿಂದ ಕೈಗಳು ಮೊಣಕೈವರೆಗೆ ಕಪ್ಪಾಗಿದ್ದವು. ಸುದ್ದಿ ಕೇಳಿ ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟಳು.

"ಯಾವತ್ತಿಂದ ಓಗ್ಬೇಕಂತೆ?"

"ಸೋಮಾರ." ಹೊನ್ನಕ್ಕ ಅವಳ ಅಂಟು ಕೈಯನ್ನು ಹಿಡಿದುಕೊಂಡಳು. "ನೀನು ಹೊರ್ಗಿರೋವಾಗ ನಾನೆಂಗವ್ವ ಒಳಗೆ ಓಗ್ಲಿ? ನಂಗೆ ಬ್ಯಾಡ ಕಣೆ ಆ ಕೆಲ್ಸ."

ಸುಬ್ಬಮ್ಮ ರೇಗಿದಳು. "ಬ್ಯಾಡ ಅನ್ನಕೆ ನಿಂಗೇನು ಅಧಿಕಾರ ಐತೆ? ಅದುಕ್ಕೆ ನಾನೂ ಬದುಕು ಕೊಟ್ಟಿವ್ನಿ. ಓಗ್ದೆ ಇದ್ರೆ ನನ್ ಮೊಕ ನೋಡ್ಬ್ಯಾಡ."

ಹೊನ್ನಕ್ಕ ಎದುರಿಗೆ ಕೂತು, ಒಂದು ಕೋಲು ತೆಗೆದುಕೊಂಡು, ಸಂಜೆಯ ಬಸ್ಸಿನವರೆಗೂ ಅವಳ ಜೊತೆ ಸೊಪ್ಪು ಕಟ್ಟಿದಳು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದಳು. ರಂಗಸ್ವಾಮಿ ಅವಳ ಮುಖ ನೋಡದೆ ಹೆಸರು ಕೂಗಿದ.