ಕುಂಕುಮ ಹಚ್ಚಿದ ಮಾರ್ಕ್ಸ್ ಕಾರ್ಡು

ಆ ಬೆಳಿಗ್ಗೆ ಹೇರೋಹಳ್ಳಿಯ ಮೇಲೆ ಆಷಾಢದ ಮೋಡ ಕವಿದಿತ್ತು. ಮಳೆ ಸುರಿಯಲೊಲ್ಲದು, ಬಿಸಿಲು ಬರಲೊಲ್ಲದು. ನರ್ಸ್ ಕುಸುಮಾ ತನ್ನ ಬಾಡಿಗೆ ಕೋಣೆಯಲ್ಲಿ ದೇವರಿಗೆ ದೀಪ ಹಚ್ಚಿದಳು. ಎರಡು ಮಾತಾಡಲು ಜನವಿಲ್ಲದೆ ಆ ದೀಪವನ್ನೇ ನೋಡುತ್ತ ಕೂತಳು.

ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಲ್ಲಿ ಇರಲು ಮನೆ ಕೊಡುತ್ತಾರೆ. ಊರಲ್ಲಿರುವ ಅಮ್ಮನನ್ನು ಕರೆತರಬಹುದು. ಆದರೆ ಗುರುವಾರದೊಳಗೆ ಅಸಲಿ ಮಾರ್ಕ್ಸ್ ಕಾರ್ಡುಗಳನ್ನು ತೋರಿಸಬೇಕು. ಅವು ಅವಳು ಈಗ ಕೆಲಸ ಮಾಡುವ ನರ್ಸಿಂಗ್ ಹೋಮಿನ ಮಾಲೀಕರಾದ ಶಂಭುಲಿಂಗಪ್ಪನವರ ಬೀರುವಿನಲ್ಲಿದ್ದವು. ಸೇರಿದ ದಿನ ಕುಸುಮಾ ಅವುಗಳ ಮೂಲೆಗೆ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ್ದಳು.

"ಕಾರ್ಡು ಕೊಟ್ಟಿದ್ದಕ್ಕೆ ಚೀಟಿ ಬರೆಸ್ಕೊಂಡ್ಯಾ?" ಪಕ್ಕದ ಮನೆಯ ಪಂಕಜಾ ಬಾಗಿಲಲ್ಲಿ ನಿಂತು ಕೇಳಿದಳು. ಅವಳು ಕೆಲಸಗಾರರ ಸಂಘದಲ್ಲಿ ಓಡಾಡುವವಳು.

"ದೊಡ್ಡೋರ ಹತ್ರ ಚೀಟಿ ಕೇಳಕ್ಕಾಗುತ್ತಾ ಅಕ್ಕಾ? ಈಗ ಕೇಳಿದ್ರೆ, ಎರಡು ವರ್ಷ ಕೆಲಸ ಬಿಡಲ್ಲ ಅಂತ ಬಾಂಡ್‌ಗೆ ಸೈನ್ ಮಾಡಿದೀಯ, ಕೊಡಲ್ಲ ಅಂತಾರೆ."

"ಚೆನ್ನಾಗಿದೆ! ದೇವ್ರಿಗೆ ಇಟ್ಟ ನೈವೇದ್ಯನೂ ಪ್ರಸಾದ ಆಗಿ ವಾಪಸ್ ಬರುತ್ತೆ ಕಣೇ. ಸರ್ಟಿಫಿಕೇಟು ಒತ್ತೆ ಇಡೋ ಒಡವೆ ಅಲ್ಲ, ಹಿಡಿದಿಟ್ಕೊಳ್ಳೋ ಹಾಗಿಲ್ಲ ಅಂತ ಹೈಕೋರ್ಟ್ ತೀರ್ಪುಗಳಿವೆ."

"ಮತ್ತೆ ಬಾಂಡು?"

"ನ್ಯಾಯವಾದ ಬಾಂಡ್ ನಡೆಯುತ್ತೆ ಅಂತ ಸುಪ್ರೀಂ ಕೋರ್ಟೂ ಹೇಳಿದೆ, ನಿನ್ನ ಹತ್ರ ಸುಳ್ಳು ಹೇಳಲ್ಲ. ನಷ್ಟ ಆಗಿದ್ರೆ ಅವರು ಕೋರ್ಟಲ್ಲಿ ಕೇಳ್ಲಿ. ಅದಕ್ಕೆ ನಿನ್ನ ಕಾರ್ಡು ಯಾಕೆ ಬೀರುನಲ್ಲಿರ್ಬೇಕು?"

"ಕೇಸು ಗೀಸು ಅಂದ್ರೆ ನನ್ನ ಜೊತೆ ಯಾರಿದಾರಕ್ಕಾ?"

ಪಂಕಜಾ ಎರಡು ಹಾಳೆ ತೆಗೆದು, ಕಾರ್ಡು ವಾಪಸ್ ಕೊಡಿ ಎಂದು ಅರ್ಜಿ ಬರೆಸಿದಳು. ಒಂದು ಕೊಡುವುದಕ್ಕೆ, ಇನ್ನೊಂದು ಸೀಲು ಹಾಕಿಸಿ ಇಟ್ಟುಕೊಳ್ಳುವುದಕ್ಕೆ. ಆಮೇಲೆ ತಾನೇ ಮೊದಲು ಚಪ್ಪಲಿ ಮೆಟ್ಟಿದಳು.

ನರ್ಸಿಂಗ್ ಹೋಮಿನಲ್ಲಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಶಂಭುಲಿಂಗಪ್ಪನವರು ಅರ್ಜಿಯನ್ನು ಎರಡು ಸಲ ಓದಿದರು.

"ಹೀಗೆ ಎಲ್ರೂ ಬಿಟ್ಟು ಹೋದ್ರೆ ರೋಗಿಗಳನ್ನ ಯಾರಮ್ಮ ನೋಡ್ತಾರೆ?"

"ನೋಟಿಸ್ ತಿಂಗಳು ಪೂರ್ತಿ ಕೆಲಸ ಮಾಡೇ ಹೋಗ್ತೀನಿ ಸಾರ್. ಆದ್ರೆ ಆ ಕಾರ್ಡು ನಮ್ಮಮ್ಮ ಕೂಲಿ ಮಾಡಿ ಓದಿಸಿದ ಓದು," ಎಂದಳು ಕುಸುಮಾ.

"ಓದು ನಿನ್ನದೇ ಕಣಮ್ಮ, ಬಾಂಡಿನ ಮಾತು ಬೇರೆ," ಎನ್ನುತ್ತ ಅವರು ಎದ್ದರು. ಅರ್ಜಿಯ ಪ್ರತಿಗೆ ಸೀಲು ಒತ್ತಿದರು. ಬೀರು ತೆರೆದು, ಕವರಿನ ಧೂಳು ಒರೆಸಿ, ಕಾರ್ಡುಗಳನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು. ಮೂಲೆಯ ಕುಂಕುಮ ಹಾಗೇ ಇತ್ತು.

ಅಕ್ಕಂದಿರೇ, ಅಣ್ಣಂದಿರೇ, ಕೆಲಸಕ್ಕೆ ಸೇರುವಾಗ ಅಸಲಿ ತೋರಿಸಿ, ನಕಲು ಪ್ರತಿ ಕೊಡಿ. ಅಸಲಿಯನ್ನೇ ಕೊಟ್ಟಾಗಿದ್ದರೆ ಬರೆದು ಕೇಳಿ. ಆಗಲೂ ಕೊಡದಿದ್ದರೆ ಕಾರ್ಮಿಕ ಇಲಾಖೆಗೋ ಉಚಿತ ಕಾನೂನು ನೆರವಿಗೋ ಹೋಗಿ, ಒಂಟಿಯಾಗಿ ಹೋಗಬೇಡಿ. ಮಾಲೀಕರೇ, ನಿಮ್ಮ ಬೀರುವಿನಲ್ಲೂ ಯಾರದಾದರೂ ಓದು ಕೂತಿದ್ದರೆ, ಕೇಳುವ ತನಕ ಕಾಯದೆ ಇವತ್ತೇ ಕೊಟ್ಟುಬಿಡಿ.