ಇಲ್ಲದ ಪಂಪು

"ಆ ಎಮ್ಮೇನ ಒಳಗೆ ತಳ್ರೋ ಅಂದ್ರೆ ಹಾಲು ಕರೀತಾ ನಿಂತಿದೀರಾ, ಬೋಳಿಮಕ್ಳಾ!"

ಮೇಸ್ತ್ರಿ ಮುರುಗೇಶ ಗುಟ್ಕಾ ಉಗುಳಿ ಪಂಪಿನ ಚಕ್ರಕ್ಕೆ ಒದ್ದ. ದುಂಡಪ್ಪ, ಹನುಮೇಶ, ಶಂಕ್ರವ್ವ ಮೂವರೂ ಹೆಗಲು ಕೊಟ್ಟು ತಳ್ಳುತ್ತಿದ್ದರು. ಎಮ್ಮೆ ಅಂದರೆ ಡೀಸೆಲ್ ಪಂಪು. ಮೈಯೆಲ್ಲ ಕರಿ ಆಯಿಲ್ಲು, ಪಕ್ಕೆಗೆ ಒದೆ ಬೀಳದೆ ಏಳುವುದಿಲ್ಲ, ಎದ್ದರೆ ಕೆರೆ ಕುಡಿಯುತ್ತದೆ. ಹೆಸರಿಟ್ಟವನು ದುಂಡಪ್ಪ. ಊರಲ್ಲಿ ಮಾರಿ ಬಂದ ಎಮ್ಮೆಯ ನೆನಪಿಗೆ ಅಂತ ಅವನು, ಅವನ ಹೆಂಡತಿಯ ನೆನಪಿಗೆ ಅಂತ ಹನುಮೇಶ.

ಮೂಡಲಪಾಳ್ಯದ ಕೆಳತುದಿಯಲ್ಲಿ, ರಾಜಕಾಲುವೆಯ ಪಕ್ಕ, 'ನಗರ ವಿಪತ್ತು ನಿರ್ವಹಣಾ ಕೇಂದ್ರ' ಎಂಬ ಬೋರ್ಡಿತ್ತು. ಬೋರ್ಡಿನ ಹಿಂದೆ ಒಂದು ಹಾಲ್, ಎರಡು ಟೆಲಿಫೋನು, ಈ ಪಂಪು, ಪಂಪಿನ ಜೊತೆ ಗುತ್ತಿಗೆಯ ಗ್ಯಾಂಗು. ಗ್ಯಾಂಗಿನವರೆಲ್ಲ ಕೊಪ್ಪಳ, ರಾಯಚೂರು ಕಡೆಯವರು. ಕೇಂದ್ರದ ಕಾಂಪೌಂಡಿನ ಹಿಂದಿನ ತಗ್ಗಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಹೋದ ವರ್ಷ ಕೇಂದ್ರದ ಅಂಗಳವನ್ನು ಕಾಂಕ್ರೀಟ್ ಹಾಕಿ ಎತ್ತರಿಸಿದ ಮೇಲೆ ತಗ್ಗು ಇನ್ನಷ್ಟು ತಗ್ಗಾಗಿತ್ತು. ಮೇಲ್ಗಡೆಯ ವಿಜಯನಗರದಲ್ಲಿ ಮಳೆ ಸುರಿದರೆ ಕಾಲುವೆ ಉಬ್ಬಿ, ಕಾಂಪೌಂಡ್ ಗೋಡೆಯ ಬುಡದ ಮೋರಿಯಿಂದ ನೀರು ಹಿಮ್ಮುಖ ನುಗ್ಗಿ ಶೆಡ್ಡುಗಳಲ್ಲಿ ನಿಲ್ಲುತ್ತಿತ್ತು. ಆಗ ಎಮ್ಮೆ ಕುಡಿಯುತ್ತಿತ್ತು. ತಗಡು ಸೂರಿಗೆ ಮಾತ್ರ, ಶೆಡ್ಡಿನ ಗೋಡೆಗಳು ಸಿಮೆಂಟಿಲ್ಲದೆ ಜೋಡಿಸಿದ ಇಟ್ಟಿಗೆಯವು. ನೀರು ನಿಂತರೆ ಕುಸಿದು ಕೂತುಬಿಡುತ್ತವೆ.

ಆ ಪಂಪನ್ನು ಈಗ ಹಳೇ ಗೋಡೌನಿಗೆ ತಳ್ಳುತ್ತಿದ್ದರು. ಹೊಸ ಕೇಂದ್ರ ಕಟ್ಟಲು ಹೊರದೇಶದ ಬ್ಯಾಂಕೊಂದಕ್ಕೆ ಅನುದಾನ ಕೇಳಿದ್ದರು. ಬ್ಯಾಂಕಿನ ಟೀಮು ಇವತ್ತು ನೋಡಲು ಬರುವುದಿತ್ತು.

"ಸಾರ್, ಓಡೋ ಪಂಪ್ ಇದೆ ಅಂತ ಗೊತ್ತಾದ್ರೆ ಮತ್ಯಾಕೆ ದುಡ್ಡು ಅಂತಾರೆ," ಎಂದಳು ರಂಜಿನಿ. ಅರ್ಜಿ ಬರೆದುಕೊಡಲು ಗೊತ್ತು ಮಾಡಿದ್ದ ಕನ್ಸಲ್ಟೆಂಟು ಅವಳು. ಹತ್ತಿಯ ಸೀರೆ, ಕೊರಳಲ್ಲಿ ಬುಡಕಟ್ಟಿನವರ ಮಣಿಸರ. "ನಾವು ಗ್ಯಾಪ್ ತೋರಿಸ್ಬೇಕು. ಪಂಪ್ ಎಷ್ಟಿದೆ ಅನ್ನೋ ಕಡೆ ನಾನು ಝೀರೋ ಅಂತ ಹಾಕಿದೀನಿ."

"ಝೀರೋ ಅಂದ್ಮೇಲೆ ಝೀರೋ ಇರ್ಬೇಕು," ಎಂದ ಎಂಜಿನಿಯರ್ ಗೋಪೀನಾಥ. "ಮುರುಗೇಶ, ಬೀಗ ಹಾಕಿ ಕೀ ನನ್ ಕೈಗೆ ಕೊಡು."

ದುಂಡಪ್ಪ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದ. "ಸಾಹೇಬ್ರ, ವಿಜಯನಗರದ ಕಡಿ ಮುಗಿಲು ಕರ್ರಗಾಗೈತ್ರಿ. ಮಳಿ ಬಂತಂದ್ರ ನಮ್ಮ ಶೆಡ್ಡಿನ್ಯಾಗ ನೀರ್ ಹೊಕ್ಕೈತಿ. ಇದು ಹೊರಗ ಇರ್ಲ್ರಿ, ಮ್ಯಾಲ ತಾಡಪಾಲ ಹೊದಸ್ತೀನಿ."

ಗೋಪೀನಾಥ ಅವನ ಕಡೆ ತಿರುಗಲೇ ಇಲ್ಲ. ರಂಜಿನಿಗೆ ಹೇಳಿದ: "ನೋಡಿ ಮೇಡಂ, ಇವ್ರಿಗೆ ವಿಷನ್ನೇ ಇಲ್ಲ. ಒಂದು ಡಬ್ಬಾ ಪಂಪಿಗೆ ಅಳ್ತಾರೆ. ನಾವಿಲ್ಲಿ ಇಪ್ಪತ್ತು ಕೇಳ್ತಾ ಇದೀವಿ."

"ಇಪ್ಪತ್ತ ಬರೂತನ ಈಜಾಡ್ಕೊಂತ ಇರೂಣೇನು?" ಎಂದ ಹನುಮೇಶ.

"ಏನೋ ಅಂದೆ?"

"ಭಾಳ ಚಲೋ ಆತು ಅಂದೆ, ಸಾಹೇಬ್ರ."

ಬೀಗ ಬಿತ್ತು. ಬೀಗದ ಕೈ ಗೋಪೀನಾಥನ ಪ್ಯಾಂಟಿನ ಜೇಬು ಸೇರಿತು.

ಆಮೇಲೆ ರಂಜಿನಿಗೆ ಮುಳುಗಿದವರು ಒಬ್ಬರು ಬೇಕಾದರು. ನೆರೆಯಿಂದ ಎತ್ತಿ ತರುವ ವಿಡಿಯೋ ಇಲ್ಲದೆ ಯಾರೂ ದುಡ್ಡು ಬಿಚ್ಚುವುದಿಲ್ಲವಂತೆ. ಮಕ್ಕಳು ಬೇಡ, ನಗ್ತಾವೆ. ಗಂಡಸರು ಬೇಡ, ಅವರೇ ಈಜಬಹುದಿತ್ತಲ್ಲ ಅಂತಾರೆ. ಶೆಡ್ಡು ಶೆಡ್ಡು ಬಗ್ಗಿ ನೋಡುತ್ತ ಬಂದವಳು ಶಂಕ್ರವ್ವನ ತಾಯಿ ಹಾಲವ್ವನ ಮುಂದೆ ನಿಂತು, "ಓ, ಪರ್ಫೆಕ್ಟ್," ಎಂದಳು.

ಹಾಲವ್ವನಿಗೆ ಲಕ್ವಾ ಹೊಡೆದು ಕಾಲು ಹೋಗಿದ್ದವು. ಕಣ್ಣು ಮಬ್ಬು. ಬಾಯಿ ಮಾತ್ರ ಗಟ್ಟಿ.

"ಅಜ್ಜೀ, ನೀವೇನೂ ಮಾಡೋದು ಬೇಡ. ಕಣ್ಮುಚ್ಕೊಂಡು ಸುಮ್ನೆ ಮಲಗಿರಿ. ನಾವು ವಿಶಲ್ ಹೊಡೆಯೋವರೆಗೂ ಅಲ್ಲಾಡ್ಬಾರ್ದು."

"ಅಂದ್ರ ಹೆಣಾ ಆಗು ಅಂತಿ," ಎಂದಳು ಹಾಲವ್ವ. "ಆಗೂಣೇಳು. ಹೆಂಗೂ ಸಾವು ಸನೇಕ ಬಂದೈತಿ."

ಮುರುಗೇಶ ಬಾಡಿಗೆಗೆ ತಂದಿದ್ದ ಕಿತ್ತಳೆ ಬಣ್ಣದ ಸ್ಟ್ರೆಚರು ಇಳಿಸಿದ. ಗೋಪೀನಾಥ ಮೂಗಿಗೆ ಕರ್ಚೀಫು ಹಿಡಿದು ದೂರದಿಂದಲೇ ಕೂಗಿದ: "ಪ್ಲಾಸ್ಟಿಕ್ ಕವರ್ ಕೀಳ್ಬೇಡ್ರೋ, ಸಾಯಂಕಾಲ ವಾಪಸ್ ಕೊಡ್ಬೇಕು. ಮೊದ್ಲು ಆ ಮುದುಕಿಗೆ ಸೋಪ್ ಹಾಕಿ ತೊಳೀರಿ, ಆಮೇಲೆ ಅದರ ಮೇಲೆ ಹಾಕಿ."

ಶಂಕ್ರವ್ವ ತಾಯಿಯನ್ನು ತೊಳೆದಳು. ತೊಳೆದು, ತಲೆ ಒರೆಸಿ, ಬೇರೆ ಸೀರೆ ಸುತ್ತಿ ಮಲಗಿಸಿದಳು. ರಂಜಿನಿ ಮೊಬೈಲಿನಲ್ಲಿ ನೋಡಿ ತುಟಿ ಕಚ್ಚಿದಳು. "ಇವ್ರು ಒಣಗಿದಾರೆ. ನೆರೆ ಅನ್ಸೋದೇ ಇಲ್ಲ. ಸ್ವಲ್ಪ ಕಾಲುವೆ ನೀರು ಹಾಕ್ತೀರಾ?"

ಹನುಮೇಶ ಕೊಡ ಹಿಡಿದು ನಿಂತ. ಸುರಿಯಲಿಲ್ಲ. ಮುರುಗೇಶ ಅದನ್ನು ಕಿತ್ತುಕೊಂಡು ಸುರಿದ. ಕರಿ ನೀರು ಹಾಲವ್ವನ ಬಿಳಿ ತಲೆಯಿಂದ ಕಿವಿಗೆ, ಕಿವಿಯಿಂದ ಕತ್ತಿಗೆ ಇಳಿಯಿತು. ಅವಳು ಕಣ್ಣು ತೆರೆಯಲಿಲ್ಲ. "ನಿಮ್ಮೌನ್... ಹಲ್ಕಟ್ ಬಾಡ್ಯಾಗೋಳಾ," ಎಂದಳು, ತುಟಿ ಆಡಿಸದೆ.

ಹೊತ್ತು ತಂದರು. ಬಿಸಿಲು ಬಂದದ್ದರಿಂದ ಮತ್ತೆ ಹೊತ್ತರು. ದುಂಡಪ್ಪನ ಬಾಯಲ್ಲಿ ಬೀಡಿ ಇದ್ದದ್ದರಿಂದ ಇನ್ನೊಮ್ಮೆ. ಕೊನೆಗೆ ವಿಶಲ್ ಹೊಡೆದು, ರಂಜಿನಿ ಅಜ್ಜಿಯ ಕೈಗೊಂದು ಬಿಸ್ಕತ್ ಪೊಟ್ಟಣ ಇಟ್ಟಳು. ಹಾಲವ್ವನನ್ನು ಮತ್ತೆ ಮಂಚಕ್ಕೆ ಹಾಕಿದಾಗ ಸೊಂಟ ಹಿಡಿದುಕೊಂಡಿತ್ತು. ಸೀರೆ ಬದಲಿಸಲು ಹೊರಟ ಶಂಕ್ರವ್ವನಿಗೆ ಮುರುಗೇಶ ಹೇಳಿದ: "ಬೇಡ ಇರ್ಲಿ ಬಿಡಕ್ಕ. ಅವ್ರು ಹಂಗೇ ಒಂದ್ ರೌಂಡ್ ಬಂದ್ರೂ ಬಂದ್ರು."

ಟೀಮು ಬಂದಾಗ ಗ್ಯಾಂಗಿಗೆ ಹಿಂದಿನ ಗೇಟು ಬಿಟ್ಟು ಈಚೆ ಬರಬಾರದೆಂದು ಹೇಳಿದ್ದರು. ಹಾಲಿನಲ್ಲಿ ಬಾಡಿಗೆಯ ಕೆಂಪು ಜಮಖಾನ, ಬಾಡಿಗೆಯ ಏಸಿ. ಒಂದು ಗಂಟೆಯಾದರೂ ಬಾಗಿಲು ತೆರೆಯಲಿಲ್ಲ. ವರಾಂಡದಲ್ಲಿ ಊಟದ ಪಾತ್ರೆಗಳ ಕೆಳಗೆ ನೀಲಿ ಬೆಂಕಿ ಉರಿಯುತ್ತಿತ್ತು.

ಮಳೆ ಹನಿ ಹಾಕಲಿಲ್ಲ, ಒಂದೇ ಸಲ ಬಿತ್ತು. ತಗಡುಗಳ ಮೇಲೆ ಜಲ್ಲಿ ಸುರಿದಂತೆ ಸದ್ದು. ಸ್ವಲ್ಪ ಹೊತ್ತಿಗೆ ಮೋರಿ ಗೊಳಗೊಳ ಎಂದು ನೀರನ್ನು ಒಳಕ್ಕೆ ಉಗುಳತೊಡಗಿತು. ಶಂಕ್ರವ್ವ ಒಳಗೆ ಓಡಿದಳು. ಒಲೆ ಆಗಲೇ ನೀರಲ್ಲಿತ್ತು. ಜೋಳದ ಹಿಟ್ಟಿನ ಡಬ್ಬಿ ತೇಲುತ್ತಿತ್ತು.

"ಯವ್ವಾ, ಹನುಮೇಶ ಹೊತ್ಕೊಂತಾನ. ಕುತ್ತಿಗಿ ಹಿಡ್ಕೋ."

ಹಾಲವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು. "ಮತ್ತ ನೀರ್ ಹಾಕಾಕತ್ತಾರೇನು?"

"ಖರೇ ನೀರಬೇ ಇದು! ಮಳಿ!"

"ಮುಂಜಾನಿನೂ ಖರೇ ನೀರ ಹಾಕ್ಯಾರ. ಸೀಟಿ ಹೊಡಿಯೂತನ ಅಲುಗಬ್ಯಾಡ ಅಂದಾಳ ಆ ಮೇಡಮ್ಮ. ಅಲುಗಿದ್ರ ಇನ್ನೊಮ್ಮಿ ಹೊರತಾರ. ನನ್ನ ಸೊಂಟ ಮುರದೈತಿ, ನಾ ಒಲ್ಲೆ."

ಹನುಮೇಶ ತೋಳು ಹಾಕಲು ಹೋದ. ಅವಳು ಎರಡೂ ಕೈಯಲ್ಲಿ ಮಂಚದ ಪಟ್ಟಿ ಹಿಡಿದು ಅವನ ಮುಂಗೈಗೆ ಬಾಯಿ ಹಾಕಿದಳು. ಅವನು ಕೈ ಝಾಡಿಸಿಕೊಂಡು ನಗಲೂ ಆಗದೆ ಅಳಲೂ ಆಗದೆ ನಿಂತ. ಪಕ್ಕದ ಶೆಡ್ಡಿನಲ್ಲಿ ಗುರುದೇವಿ ಕೂಗಿದಳು. ಅವಳ ಹಿತ್ತಿಲ ಗೋಡೆ ಕೂತಿತ್ತು.

ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟರು. ಹಾಲವ್ವನ ತಲೆದೆಸೆಯ ಗೋಡೆಯೊಳಗಿಂದ ನೀರು ಒಸರುತ್ತಿತ್ತು.

"ಆಕಿನ್ನ ಎತ್ತೂದಾಗಂಗಿಲ್ಲ," ಎಂದಳು ಶಂಕ್ರವ್ವ. "ನೀರ ಎತ್ತಬೇಕು. ನಾ ಚಾವಿ ತರ್ತೀನಿ."

ವರಾಂಡದಲ್ಲಿ ಮುರುಗೇಶ ಅಡ್ಡ ಬಂದ. "ಏಯ್ ಕೆಸ್ರು ಕಾಲು! ಟೈಲ್ಸ್ ಇವಾಗ್ತಾನೇ ಒರ್ಸಿರೋದು!" ಅವಳು ಅವನ ಪಕ್ಕದಿಂದ ನುಸುಳಿ ಬಾಗಿಲು ತಳ್ಳಿದಳು.

ಒಳಗೆ ಕತ್ತಲು, ತಂಪು. ಪರದೆಯ ಮೇಲೆ ಅವಳ ತಾಯಿ ಇದ್ದಳು, ಆಳೆತ್ತರ. ಕಿತ್ತಳೆ ಸ್ಟ್ರೆಚರಿನಲ್ಲಿ ಕರಿ ನೀರು ತೊಟ್ಟಿಕ್ಕುತ್ತ, ಹಿಂದೆ ಕೊಳಲಿನ ಹಾಡು. ಮೇಜಿನ ಸುತ್ತ ಕೂತವರು ಲೊಚಗುಟ್ಟುತ್ತಿದ್ದರು. ಎತ್ತರದ ಬಿಳಿಯನೊಬ್ಬ ಕನ್ನಡಕ ತೆಗೆದು ಒರೆಸಿಕೊಂಡ. ಗೋಪೀನಾಥ ಮೈಕು ಹಿಡಿದು ಹೇಳುತ್ತಿದ್ದ: "ನೋ ಪಂಪ್, ಸರ್. ನಾಟ್ ಈವನ್ ಒನ್. ವಿ ಹ್ಯಾವ್ ನಥಿಂಗ್." ಅಷ್ಟು ಇಂಗ್ಲಿಷು ಶಂಕ್ರವ್ವನಿಗೂ ಬರುತ್ತಿತ್ತು.

"ಸಾಹೇಬ್ರ, ಚಾವಿ ಕೊಡ್ರಿ."

ಎಲ್ಲರೂ ತಿರುಗಿದರು. ಗೋಪೀನಾಥ ಮೈಕಿಗೆ ಕೈ ಮುಚ್ಚಿ, ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು ಬಾಗಿಲ ಬಳಿ ಬಂದ. ಹಲ್ಲು ಕಚ್ಚಿಕೊಂಡೇ ಮಾತಾಡಿದ.

"ಬುದ್ಧಿ ಇದ್ಯೇನೇ ನಿಂಗೆ? ಇವಾಗ ಆ ಪಂಪು ಹೊರಗೆ ಬಂದ್ರೆ ನಾನು ಸತ್ತೆ. ಅರ್ಧ ಗಂಟೆ ತಡ್ಕೋ. ನಿಮಗೋಸ್ಕರಾನೇ ತಾನೇ ಇವ್ರನ್ನ ಭಿಕ್ಷೆ ಕೇಳ್ತಿರೋದು?"

"ನಮ್ಮವ್ವ ನೀರಾಗದಾಳ್ರಿ."

"ಹೊತ್ಕೊಂಡು ಹೊರಗೆ ಬಾ. ಬೆಳಿಗ್ಗೆ ಎಷ್ಟು ಸಲ ಹೊತ್ರಿ, ಅವಾಗ ಭಾರ ಇರ್ಲಿಲ್ವಾ?"

ದಿಲ್ಲಿಯಿಂದ ಬಂದಿದ್ದ ಹೆಂಗಸು ಅವಳು ಯಾರೆಂದು ಕೇಳಿದಳು. ಗೋಪೀನಾಥ ತಿರುಗಿ, ಆ ಅಜ್ಜಿಯ ಮಗಳೆಂದೂ, ಎಲ್ಲರಿಗೂ ಥ್ಯಾಂಕ್ಸ್ ಹೇಳಲು ಬಂದಿದ್ದಾಳೆಂದೂ ಇಂಗ್ಲಿಷಿನಲ್ಲಿ ಹೇಳಿದ. ಬಿಳಿಯ ಎದ್ದು ನಿಂತು ಅವಳಿಗೆ ಕೈ ಮುಗಿದ. ಯಾರೋ ಚಪ್ಪಾಳೆ ಶುರುಮಾಡಿದರು. ರಂಜಿನಿ ಮೊಬೈಲಿನಲ್ಲಿ ಹಿಡಿದುಕೊಂಡಳು.

ಶಂಕ್ರವ್ವ ಕೈ ಮುಗಿಯಲಿಲ್ಲ. ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಅವಳು ಮೆಟ್ಟಿಲು ಇಳಿದಿದ್ದಳು.

ಗೋಡೌನಿನ ಮುಂದೆ ದುಂಡಪ್ಪ, ಹನುಮೇಶ ನೆನೆಯುತ್ತ ನಿಂತಿದ್ದರು. ಹನುಮೇಶನ ಕೈಯಲ್ಲಿ ಹಾರೆ.

"ಚಾವಿ?"

"ಅದು ಸಾಹೇಬ್ರ ಜೇಬಿನ್ಯಾಗ ಕುಂತು ಹಾಡ ಕೇಳಾಕತ್ತೈತಿ."

"ಬೀಗ ಒಡದ್ರ ನಾಳೆ ಕೆಲ್ಸ ಇರಂಗಿಲ್ಲಬೇ," ಎಂದ ದುಂಡಪ್ಪ. "ಪೊಲೀಸ್ರಿಗೂ ಕೊಡ್ತಾರ."

"ನಾಳಿಗೆ ಎಲ್ಲಿಂದ ಎದ್ದು ಕೆಲ್ಸಕ್ಕ ಬರ್ತಿ? ಆ ನೀರಾಗಿಂದ?" ಅವಳು ಹಾರೆ ಕಸಿದುಕೊಂಡಳು. ಮೊದಲ ಏಟು ಬಾಗಿಲಿಗೆ ಬಿತ್ತು. ಎರಡನೆಯದಕ್ಕೆ ಚಿಲಕದ ಸಮೇತ ಬೀಗ ಕೆಳಗೆ ಬಿತ್ತು.

ಎಮ್ಮೆಯನ್ನು ತಗ್ಗಿನ ಅಂಚಿಗೆ ಎಳೆದು ತಂದರು. ಶೆಡ್ಡುಗಳಿಂದ ಹೆಂಗಸರು, ಗಂಡಸರು ಬಂದು ಹಗ್ಗಕ್ಕೆ ಕೈ ಹಾಕಿದರು. ಹೀರುವ ಪೈಪನ್ನು ಹಾಲವ್ವನ ಬಾಗಿಲಲ್ಲಿ ಮುಳುಗಿಸಿ ದುಂಡಪ್ಪ ಉಗುಳುವ ಪೈಪಿನ ಸುರುಳಿ ಬಿಚ್ಚಿದ. ಯಾವಾಗಲೂ ಅದನ್ನು ಕಾಲುವೆಗೆ ಎಸೆಯುತ್ತಿದ್ದರು. ಕಾಲುವೆ ಈಗ ಅಂಚು ಮೀರಿ ಹರಿಯುತ್ತಿತ್ತು. ಅದಕ್ಕೆ ಬಿಟ್ಟದ್ದು ಮೋರಿಯಲ್ಲಿ ಸುತ್ತಿ ಮತ್ತೆ ಶೆಡ್ಡಿಗೇ ಬರುತ್ತದೆ.

"ಎಲ್ಲಿ ಬಿಡೂಣು?" ಎಂದು ಕೂಗಿದ.

ಶಂಕ್ರವ್ವ ಸುತ್ತ ನೋಡಿದಳು. ಕಣ್ಣಳತೆಯಲ್ಲಿ ಎತ್ತರದ ಒಣ ಜಾಗ ಅಂತ ಇದ್ದದ್ದು ಒಂದೇ. ಅವಳು ಪೈಪಿನ ಬಾಯಿ ಕಂಕುಳಲ್ಲಿ ಇರುಕಿಕೊಂಡು ನಡೆದಳು. ಗುರುದೇವಿ ಹಿಂದಿನಿಂದ ಎತ್ತಿ ಹಿಡಿದಳು. ವರಾಂಡದಲ್ಲಿ ಮುರುಗೇಶ ಬಾಯಿ ತೆರೆದ. ಅವಳ ಇನ್ನೊಂದು ಕೈಯ ಹಾರೆ ನೋಡಿ, ಊಟದ ಪಾತ್ರೆಗಳ ಹಿಂದಕ್ಕೆ ಸರಿದ.

ಅವಳು ಕಾಲಿನಿಂದ ಬಾಗಿಲು ತೆರೆದಳು. ದುಂಡಪ್ಪನಿಗೆ ಕಾಣುವಂತೆ ಹಾರೆ ಎತ್ತಿ ಆಡಿಸಿದಳು.

ದುಂಡಪ್ಪ ಹ್ಯಾಂಡಲ್ ತಿರುಗಿಸಿ ಪಕ್ಕೆಗೆ ಒದ್ದ. ಎಮ್ಮೆ ಕೆಮ್ಮಿತು. "ಏಳ ನಿಮ್ಮೌನ್," ಎಂದು ಇನ್ನೊಂದು ಒದೆ ಕೊಟ್ಟ. ಕರಿ ಹೊಗೆ ಉಗುಳಿ ಎದ್ದಿತು.

ಪೈಪು ಹಾವಿನ ಹಾಗೆ ಉಬ್ಬುತ್ತ ಬಂದು ಅವಳ ಕಂಕುಳಲ್ಲಿ ಒದರಿತು. ಮೊದಲು ಗಾಳಿ, ಆಮೇಲೆ ಒಂದು ಹಾಲಿನ ಕವರು, ಆಮೇಲೆ ನೀರು. ಕೆಂಪು ಜಮಖಾನ ಕಪ್ಪಾಯಿತು. ಕುರ್ಚಿಗಳ ಮೇಲೆ ಕಾಲುಗಳು ಏರಿದವು. ರಂಜಿನಿ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಮೇಜು ಹತ್ತಿದಳು. ಗೇರುಬೀಜದ ತಟ್ಟೆಗಳು ಬೋರಲು ಬಿದ್ದು ಗೇರುಬೀಜ ತೇಲಿದವು. ಪರದೆಯ ಮೇಲೆ ಹಾಲವ್ವ ಇನ್ನೂ ಕಣ್ಣು ಮುಚ್ಚಿಕೊಂಡು ತೊಟ್ಟಿಕ್ಕುತ್ತಿದ್ದಳು.

"ಪಂಪ್ ಆಫ್ ಮಾಡ್ರೋ!" ಗೋಪೀನಾಥ ಮಂಡಿಯವರೆಗೆ ಪ್ಯಾಂಟು ಎತ್ತಿ ವರಾಂಡಕ್ಕೆ ಓಡಿ ಬಂದ. "ಲೇ ದುಂಡಪ್ಪ! ಪಂಪು! ಪಂಪ್ ಆಫ್ ಮಾಡೋ!"

ಅವನ ಬೆನ್ನ ಹಿಂದೆ ಬಾಗಿಲಲ್ಲಿ ಬಿಳಿಯ ಬಂದು ನಿಂತ. ನೆಂದ ಬೂಟು ಕೈಯಲ್ಲಿತ್ತು. "ಪಂಪ್?" ಎಂದ.

ದುಂಡಪ್ಪ ತಗ್ಗಿನ ಅಂಚಿನಿಂದ ಕಿವಿಗೆ ಕೈ ಹಚ್ಚಿದ.

"ಯಾವ ಪಂಪ್ರಿ ಸಾಹೇಬ್ರ? ನಮ್ಮಲ್ಲಿ ಪಂಪ ಇಲ್ಲಂತಲ್ರಿ!"

ಗೋಪೀನಾಥ ಬಿಳಿಯನ ಕಡೆ ನೋಡಿದ, ದುಂಡಪ್ಪನ ಕಡೆ ನೋಡಿದ. ಜೇಬಿನಿಂದ ಬೀಗದ ಕೈ ತೆಗೆದು ಅದನ್ನೂ ನೋಡಿದ. ಮುರುಗೇಶ ಪೊಲೀಸರಿಗೆ ಫೋನು ಮಾಡುತ್ತಿದ್ದ.

ಹನುಮೇಶ ಸೊಂಟದವರೆಗೆ ನೆಂದುಕೊಂಡು ಓಡಿ ಬಂದ. ಕಚ್ಚಿದ ಗುರುತು ಮುಂಗೈಯಲ್ಲಿ ಊದಿತ್ತು.

"ಮಂಚದ ಕಾಲು ಕಾಣಾಕತ್ತಾವಬೇ. ಇಳ್ಯಾಕತ್ತೈತಿ. ಮುದುಕಿ ಕೇಳಾಕತ್ತಾಳ, ಸೀಟಿ ಹೊಡದ್ರೇನು ಅಂತ."

ಶಂಕ್ರವ್ವ ಪೈಪಿನ ಬಾಯಿಯನ್ನು ಹಾಲಿನ ಇನ್ನೊಂದು ಮೂಲೆಗೆ, ಒಣಗಿದ್ದ ಕಡೆಗೆ ತಿರುಗಿಸಿದಳು.

"ಇನ್ನೂ ಹೊಡದಿಲ್ಲ ಅನ್ನು."